ದೊಡ್ಡಪ್ಪನಿಗೆ ಸಲ್ಲಬೇಕಾದ ಎರಡು ಸದ್ದು

ಮೊನ್ನೆ ಅಟ್ಟ ಗುಡಿಸುವಾಗ ಒಂದು ಚೀಲ ಸಿಕ್ಕಿತು. ಛತ್ರಿಯ ಚೀಲಕ್ಕಿಂತ ಉದ್ದ, ದಿಂಬಿನ ಚೀಲಕ್ಕಿಂತ ಸಪೂರ. ಹೊರಗೆ ಹಳೆಯ ಕಪ್ಪು ಕೋಟಿನ ಬಟ್ಟೆ, ಒಳಗೆ ಕಂಬಳಿಯ ಅಸ್ತರು, ಬಾಯಿಗೆ ಎರಡು ದೊಡ್ಡ ಗುಂಡಿ. ಹೊಲಿದವಳು ನಾನೇ. ಮಡಿಕೇರಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟು ತಲೆ ನರೆತವಳು ನಾನು. ಆದರೂ ಅದರ ಹೊಲಿಗೆ ಒಂದು ಕಡೆ ಏಲಕ್ಕಿ ತೋಟದ ಕಾಲುದಾರಿಯ ಹಾಗೆ ಸೊಟ್ಟಗೆ ಹೋಗಿದೆ. ಗಿರಾಕಿ ನಮ್ಮ ದೊಡ್ಡಪ್ಪ ಆಗಿದ್ದರಿಂದ ಆಗ ಯಾರೂ ದೂರು ಹೇಳಲಿಲ್ಲ. ಮನೆಯವರಿಗೆ ಹೊಲಿದದ್ದು ಸೊಟ್ಟ ಇರುವುದೇ ವಾಡಿಕೆ ಎಂದು ದೊಡ್ಡಮ್ಮ ತೀರ್ಪು ಕೊಟ್ಟಿದ್ದಳು.

ಅದು ದೊಡ್ಡಪ್ಪನ ಕೋವಿಯ ಚೀಲ. ಕೋವಿ ಮನೆಯೊಳಗೆ ಇರುವಾಗ ಅದಕ್ಕೆ ಚೀಲ ಬೇಕಿರಲಿಲ್ಲ. ಕೋವಿ ಪ್ರವಾಸ ಹೋಗುವಾಗ ಮಾತ್ರ ಬೇಕಾಗುತ್ತಿತ್ತು. ಕೋವಿ ಪ್ರವಾಸ ಹೋಗುತ್ತಿದ್ದದ್ದು ಒಂದೇ ಊರಿಗೆ, ಒಂದೇ ಕಾರಣಕ್ಕೆ. ಎಲ್ಲಿಯಾದರೂ ಓಟು ಬಂತೆಂದರೆ ನಮ್ಮ ಜಿಲ್ಲೆಯ ಕೋವಿಗಳೆಲ್ಲ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕೂರಬೇಕು. ಪಂಚಾಯಿತಿಗೆ ಒಮ್ಮೆ, ವಿಧಾನಸಭೆಗೆ ಒಮ್ಮೆ, ದೆಹಲಿಗೆ ಒಮ್ಮೆ. ನಡುವೆ ಯಾರಾದರೂ ಪಕ್ಷ ಬದಲಿಸಿ ರಾಜೀನಾಮೆ ಕೊಟ್ಟರೆ ಇನ್ನೊಮ್ಮೆ. ಯಾರೋ ಪಕ್ಷ ಬಿಟ್ಟದ್ದಕ್ಕೆ ನಮ್ಮ ಗಾಳಿಬೀಡಿನ ಮುದುಕನೊಬ್ಬ ತನ್ನ ಕೋವಿ ಬಿಡಬೇಕಾದ ನ್ಯಾಯ ಎಂಥದ್ದೋ ನನಗೆ ಇವತ್ತಿಗೂ ತಿಳಿದಿಲ್ಲ.

ಹೊರಗಿನವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಜಮ್ಮಾ ಭೂಮಿಯ, ಅಂದರೆ ರಾಜರ ಕಾಲದಿಂದ ವಂಶಕ್ಕೆ ಬಂದ ಭೂಮಿಯ, ಮನೆತನಗಳಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಇದು ಹಿಂದಿನಿಂದ ಬಂದ ಹಕ್ಕು. ಆದರೆ ಲೈಸೆನ್ಸ್ ಬೇಡ ಎಂಬುದಕ್ಕೆ ಒಂದು ಸರ್ಟಿಫಿಕೇಟ್ ಬೇಕು. ಆ ಸರ್ಟಿಫಿಕೇಟ್ ಪಡೆಯಲು ಎಷ್ಟು ಮೆಟ್ಟಿಲು ಹತ್ತಬೇಕೆಂದರೆ, ಲೈಸೆನ್ಸ್ ಇದ್ದಿದ್ದರೇ ಸುಲಭವಾಗಿತ್ತಲ್ಲವೇ ಅನ್ನಿಸಬೇಕು. ದೊಡ್ಡಪ್ಪ ಆ ಕಾಗದವನ್ನು ದೇವರ ಪಟದ ಹಿಂದೆ ಇಟ್ಟಿದ್ದ. ಸರ್ಕಾರ ನನ್ನನ್ನು ಸಂಪೂರ್ಣವಾಗಿ ನಂಬುತ್ತದೆ, ಆದರೆ ಓಟಿನ ಸಮಯದಲ್ಲಿ ಮಾತ್ರ ನಂಬುವುದಿಲ್ಲ, ಹೆಂಡತಿಯೂ ಹೀಗೇ, ಪೇಟೆಗೆ ಹೋಗುವ ದಿನ ಮಾತ್ರ ನಂಬುವುದಿಲ್ಲ ಎನ್ನುತ್ತಿದ್ದ.

ಕೋವಿ ಹೋದ ಮೇಲೆ ಊರಿಗೆ ಬರುತ್ತಿದ್ದವರು ಇಬ್ಬರು. ಒಬ್ಬರು ಅಭ್ಯರ್ಥಿ. ಮತದಾರರು ಹೆದರಬಾರದು ಎಂದು ನಮ್ಮ ಕೋವಿ ತೆಗೆದುಕೊಂಡು ಹೋಗಿರುತ್ತಾರಲ್ಲ, ಆ ನಿರ್ಭಯ ವಾತಾವರಣದಲ್ಲಿ ಅವರು ಮಾತ್ರ ಹಿಂದೊಬ್ಬ ಗನ್‌ಮ್ಯಾನ್ ಇಟ್ಟುಕೊಂಡು ಬರುತ್ತಿದ್ದರು. ಇನ್ನೊಂದು, ಕಾಡುಹಂದಿ. ಕೋವಿಯಿಂದ ಯಾರೂ ಅದನ್ನು ಹೊಡೆಯುತ್ತಿರಲಿಲ್ಲ, ಅದು ಅಪರಾಧ. ಒಂದು ಸದ್ದು ಮಾಡಿ ಓಡಿಸುತ್ತಿದ್ದರು ಅಷ್ಟೆ. ಸದ್ದು ನಿಂತ ಕೂಡಲೇ ಹಂದಿಗಳಿಗೆ ಚುನಾವಣೆ ಘೋಷಣೆಯಾದದ್ದು ಗೊತ್ತಾಗುತ್ತಿತ್ತು. ದೊಡ್ಡಮ್ಮನ ಕೆಸು, ಮರಗೆಣಸು ಎಲ್ಲ ಅಗೆದು ಹೋಗುತ್ತಿದ್ದವು. ಅಭ್ಯರ್ಥಿಯೂ ಹಂದಿಯೂ ಬಂದು ಹೋದ ಮೇಲೆ ಅಂಗಳ ಹೆಚ್ಚುಕಡಿಮೆ ಒಂದೇ ತರ ಕಾಣುತ್ತಿತ್ತು.

ಕೋವಿಯನ್ನು ಚೀಲದ ಸಮೇತ ಕೊಟ್ಟರೆ ಸ್ಟೇಷನ್ನಿನವರು ಚೀಲ ವಾಪಸ್ ಕೊಡುತ್ತಿದ್ದರು. ಚೀಲಕ್ಕೆ ರಸೀದಿ ಇಲ್ಲವಂತೆ. ಹಾಗಾಗಿ ಕೋವಿ ಅಲ್ಲಿ ಬರಿಮೈಯಲ್ಲಿ ಮಲಗಿರುತ್ತಿತ್ತು, ಚೀಲ ಮನೆಯಲ್ಲಿ ಬೆಚ್ಚಗಿರುತ್ತಿತ್ತು. ಹೀಗೆ ಉಳಿದ ಚೀಲವೇ ಈಗ ಅಟ್ಟದಲ್ಲಿ ಸಿಕ್ಕಿದ್ದು.

ಕೋವಿ ನಮ್ಮವರಿಗೆ ಹಂದಿ ಓಡಿಸುವುದಕ್ಕಿಂತ ಹೆಚ್ಚಾಗಿ ಸುದ್ದಿ ಹೇಳುವುದಕ್ಕೆ ಬೇಕು. ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಒಂದು ಗುಂಡು. ಸಾವಾದರೆ ಒಂದರ ಹಿಂದೆ ಒಂದು, ಎರಡು ಗುಂಡು. ಗುಡ್ಡದ ಆಚೆ ಮಗ್ಗುಲಿನವರು ಕೈಯಲ್ಲಿದ್ದ ಕತ್ತಿ ಕೆಳಗಿಟ್ಟು ಕಿವಿಗೊಡುತ್ತಾರೆ. ಎರಡಾದರೆ ಕೆಲಸ ಬಿಟ್ಟು ಸದ್ದು ಬಂದ ದಿಕ್ಕಿಗೆ ನಡೆಯುತ್ತಾರೆ. ಹೆಣ್ಣುಮಗು ಹುಟ್ಟಿದರೆ ಸದ್ದಿಲ್ಲ. ನಿಯಮ ಮಾಡುವುದು ಸರ್ಕಾರ ಮಾತ್ರ ಅಂತ ತಿಳಿಯಬೇಡಿ. ಆ ಚಾಳಿ ಎಲ್ಲರಿಗೂ ಇದೆ.

ನಾನು ಹುಟ್ಟಿದ ದಿನ ದೊಡ್ಡಪ್ಪ ಅಂಗಳಕ್ಕಿಳಿದು ಗುಂಡು ಹಾರಿಸಿದನಂತೆ. ಊರವರು ವಂಶ ಬೆಳೆಯಿತೆಂದು ಸಂತೋಷದಿಂದ ಬಂದು ನೋಡಿದರೆ ತೊಟ್ಟಿಲಲ್ಲಿ ನಾನು. ಅಜ್ಜನಿಗೆ ಸಿಟ್ಟು. ಊರ ಹಿರಿಯರು ಪದ್ಧತಿ ಕೆಟ್ಟಿತೆಂದು ಕೂತು ಚರ್ಚೆ ಮಾಡಿದರು. ದೊಡ್ಡಪ್ಪ ಕೋವಿ ಒರೆಸುತ್ತ ಒಂದೇ ಮಾತು ಹೇಳಿದನಂತೆ: “ಆದ ಸದ್ದ್‌ನ ವಾಪಸ್ ತೆಗೆಯಿಕೆ ಆದೆನಾ?” ವಾಪಸ್ ತೆಗೆಯಲು ಯಾರಿಂದಲೂ ಆಗಲಿಲ್ಲ. ಎಲ್ಲರೂ ಕಾಫಿ ಕುಡಿದು ಹೋದರು. ಸ್ವಂತ ಮಕ್ಕಳಿಲ್ಲದ ದೊಡ್ಡಪ್ಪ, ದೊಡ್ಡಮ್ಮನ ಮನೆಯಲ್ಲಿ ನಾನು ಮಗಳ ಹಾಗೇ ಬೆಳೆದೆ. ತಪ್ಪು ಸದ್ದಿನಲ್ಲಿ ಹುಟ್ಟಿದವಳೆಂದು ಶಾಲೆಯಲ್ಲಿ ಹುಡುಗರು ರೇಗಿಸುತ್ತಿದ್ದರು, ನಾನು ಅದನ್ನು ಬಿರುದಿನ ಹಾಗೆ ಹೊತ್ತು ತಿರುಗಿದೆ.

ಹೋದ ಚುನಾವಣೆಯ ಹೊತ್ತಿಗೆ ದೊಡ್ಡಪ್ಪನಿಗೆ ಎಂಬತ್ತೈದು ದಾಟಿತ್ತು. ಅಷ್ಟು ವಯಸ್ಸಾದವರು ಮತಗಟ್ಟೆಗೆ ಬರಬೇಕಿಲ್ಲ, ಮನೆಯಲ್ಲೇ ಓಟು ಹಾಕಬಹುದು ಎಂಬ ಹೊಸ ನಿಯಮ ಬಂದಿತ್ತು. ಜೀಪಿನಲ್ಲಿ ಅಧಿಕಾರಿಗಳು ಬಂದರು. ರಟ್ಟಿನ ಮರೆಯೊಂದನ್ನು ನಮ್ಮ ಊಟದ ಮೇಜಿನ ಮೇಲೆ ನಿಲ್ಲಿಸಿದರು. ಮತದಾನ ಗುಪ್ತವಾಗಿರಬೇಕೆಂದು ದೊಡ್ಡಮ್ಮನನ್ನು ಅವಳದೇ ಅಡುಗೆಮನೆಯಿಂದ ಹೊರಗೆ ಕಳಿಸಿದರು. ಒಲೆಯ ಮೇಲೆ ಹಾಲು ಉಕ್ಕಿತು. ದೊಡ್ಡಪ್ಪ ಅವಸರವಿಲ್ಲದೆ ಓಟು ಹಾಕಿ ಹೊರಗೆ ಬಂದು ಅಧಿಕಾರಿಗಳನ್ನು ಒಂದು ಪ್ರಶ್ನೆ ಕೇಳಿದ. ಕೋವಿ ಒಪ್ಪಿಸಲು ಈ ಮೊಣಕಾಲಿನಲ್ಲಿ ನಾನೇ ಬಸ್ಸು ಹತ್ತಿ ಸ್ಟೇಷನ್ನಿಗೆ ಬರಬೇಕು, ಬೆರಳಿಗೆ ಶಾಯಿ ಹಚ್ಚಲು ನೀವಿಷ್ಟು ಜನ ನನ್ನ ಮನೆಗೆ ಬರುತ್ತೀರಿ, ಇದನ್ನು ತಿರುಗಾಮುರುಗಾ ಮಾಡಿದ್ದರೆ ಇಬ್ಬರಿಗೂ ಅನುಕೂಲವಾಗುತ್ತಿರಲಿಲ್ಲವೇ ಎಂದ. ಅವರು ನಕ್ಕರು. ಸರ್ಕಾರದವರು ನಕ್ಕರೆ ಉತ್ತರ ಬಂತೆಂದೇ ಲೆಕ್ಕ.

ಯಾರಿಗೆ ಓಟು ಹಾಕಿದ ಎಂದು ದೊಡ್ಡಮ್ಮನಿಗೂ ಹೇಳಲಿಲ್ಲ. ಜನ್ಮದಲ್ಲಿ ಎಂದೂ ಹೇಳಿದವನಲ್ಲ. ಆಳುವ ಪಕ್ಷದವರು ಬಂದರೆ ತಲೆ ಆಡಿಸುತ್ತಿದ್ದ, ಆಳಿ ಹೋದ ಪಕ್ಷದವರು ಬಂದರೂ ತಲೆ ಆಡಿಸುತ್ತಿದ್ದ. ಎರಡೂ ಕಡೆಯವರು ಬೆಳ್ಯಪ್ಪಜ್ಜ ನಮ್ಮವರೇ ಎಂದು ಧೈರ್ಯವಾಗಿದ್ದರು.

ಅದಾಗಿ ಕೆಲವೇ ದಿನಕ್ಕೆ, ಊರಿನ ಉಳಿದವರ ಮತದಾನಕ್ಕೆ ಇನ್ನೂ ಸಮಯವಿರುವಾಗ, ಒಂದು ಬೆಳಿಗ್ಗೆ ದೊಡ್ಡಪ್ಪ ಜಗಲಿಯ ಕುರ್ಚಿಯಲ್ಲಿ ಕೂತು ಕಾಫಿ ಕುಡಿದ. ಲೋಟ ಕೆಳಗಿಟ್ಟ. ದೊಡ್ಡಮ್ಮ ಲೋಟ ತೆಗೆಯಲು ಬಂದಾಗ ಅವನು ಹೋಗಿಯಾಗಿತ್ತು. ನನಗೆ ಫೋನು ಬಂದಾಗ ಆಗಷ್ಟೇ ಅಂಗಡಿಯ ಬಾಗಿಲು ತೆರೆದಿದ್ದೆ. ಆ ವಾರ ನಾನು ಹೊಲಿಯುತ್ತಿದ್ದದ್ದು ಎರಡೂ ಪಕ್ಷದ ಶಾಲುಗಳು. ಸಿದ್ಧಾಂತ ಬೇರೆ ಬೇರೆ, ಅಂಚು ಒಂದೇ. ಶಾಲುಗಳನ್ನು ಹಾಗೇ ಮೆಷಿನ್ನಿನ ಮೇಲೆ ಬಿಟ್ಟು ಆಟೋ ಹಿಡಿದು ಮನೆಗೆ ಬಂದೆ.

ದೊಡ್ಡಮ್ಮ ಅಳುತ್ತಿರಲಿಲ್ಲ. ಅವನ ಪಕ್ಕದಲ್ಲಿ ಕೂತು ಶರ್ಟಿನ ಗುಂಡಿ ಸರಿ ಮಾಡುತ್ತಿದ್ದಳು. ನನ್ನನ್ನು ನೋಡಿ ಗಂಡನ ಬಗ್ಗೆ ಮೊದಲು ಹೇಳಿದ ಮಾತು ಇದು:

“ಎರಡ್ ಸದ್ದ್ ಬೇಕು. ಸದ್ದಿಲ್ಲದೆ ಕಳ್ಸಿಕೆ ಅವು ಎಂತ ಕಳ್ಳನಾ?”

ಸದ್ದು ಎಲ್ಲಿಂದ ತರುವುದು? ನಮ್ಮ ಕೋವಿ ಸ್ಟೇಷನ್ನಿನಲ್ಲಿ. ಪಕ್ಕದ ಮನೆಯ ಕೋವಿ ಅದರ ಪಕ್ಕದಲ್ಲಿ. ಇಡೀ ಗುಡ್ಡದ ಕೋವಿಗಳೆಲ್ಲ ಅಲ್ಲಿ ಒಟ್ಟಿಗೆ, ಮದುವೆಮನೆಯ ನೆಂಟರ ಹಾಗೆ ಸಾಲಾಗಿ ಮಲಗಿದ್ದವು. ಊರಿನ ವಾಟ್ಸಾಪ್ ಗುಂಪಿನಲ್ಲಿ ಹಾಕೋಣವೆಂದರೆ, ಯಾರಾದರೂ ರಾಜಕೀಯ ಹಾಕಿ ತನ್ನ ತಲೆಗೆ ಬರುತ್ತದೆಂದು ಹೆದರಿ ಅಡ್ಮಿನ್ ಗುಂಪಿಗೆ ಬೀಗ ಹಾಕಿದ್ದ. ಅವನೊಬ್ಬನೇ ಸುದ್ದಿ ಹಾಕಬಹುದು, ಅವನ ತೋಟದಲ್ಲಿ ಸಿಗ್ನಲ್ ಇಲ್ಲ. ಒಬ್ಬೊಬ್ಬರಿಗೆ ಫೋನು ಮಾಡಿದೆ. ಬಂದರು. ಆದರೂ ಬಂದ ಮುದುಕರೆಲ್ಲ ಬಾಗಿಲಲ್ಲೇ ನಿಂತು, ಸದ್ದು ಕೇಳಲಿಲ್ಲವಲ್ಲ, ನಿಜವಾಗಿಯೂ ಹೋದನೇ ಎಂದು ಕೇಳಿದರು. ಸದ್ದಾಗದ ಸಾವು ಅವರಿಗೆ ಸಹಿ ಹಾಕದ ಚೆಕ್ಕಿನ ಹಾಗೆ.

ಕಾಯುತ್ತಿದ್ದ ಅದೇ ಆಟೋದಲ್ಲಿ ಸ್ಟೇಷನ್ನಿಗೆ ಹೋದೆ. ಇನ್ಸ್‌ಪೆಕ್ಟರು ಬಿಜಾಪುರದ ಕಡೆಯವರು, ನಮ್ಮ ಚಳಿಗೆ ಸ್ವೆಟರ್ ಮೇಲೆ ಸ್ವೆಟರ್ ಹಾಕುವವರು. ಒಂದು ನನ್ನ ಅಂಗಡಿಯಲ್ಲೇ ತೋಳು ಗಿಡ್ಡ ಮಾಡಿಸಿಕೊಂಡಿದ್ದರು. ಒಳ್ಳೆಯ ಮನುಷ್ಯ. ನನ್ನ ಮಾತು ಪೂರ್ತಿ ಕೇಳಿದರು, ಚಹಾ ತರಿಸಿದರು. ಆಮೇಲೆ ಹೇಳಿದರು: “ನಿಮ್ಮ ದೊಡ್ಡಪ್ಪಾರು ಹೋದದ್ದು ನನಗೂ ಬ್ಯಾಸರ ಅದ ರೀ. ಆದ್ರ ಇವತ್ತ ಒಂದ್ ಕೋವಿ ಕೊಟ್ಟೆ ಅಂದ್ರ, ನಾಳಿಂದ ಇಡೀ ಜಿಲ್ಲಾದ ಮುದುಕರೆಲ್ಲ ಸಾಯಾಕ ಶುರು ಮಾಡ್ತಾರ.”

ಬೇರೆ ದಾರಿ ಇಲ್ಲವೇ ಎಂದೆ. ಇತ್ತು. ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕು. ಅರ್ಜಿಯ ಜೊತೆ ಮರಣ ಪ್ರಮಾಣಪತ್ರ ಇರಬೇಕು. ಮರಣ ಪ್ರಮಾಣಪತ್ರ ಸಿಗಲು ವಾರವಾದರೂ ಬೇಕು, ಅದನ್ನು ಕೊಡುವವರು ಚುನಾವಣೆ ಡ್ಯೂಟಿಯಲ್ಲಿದ್ದಾರೆ. ಊರಿಗೆ ಸಾವು ತಿಳಿಸಲು ಗುಂಡು ಬೇಕು, ಗುಂಡು ಸಿಗಲು ಸಾವು ಸರ್ಕಾರಕ್ಕೆ ತಿಳಿಯಬೇಕು. ದೊಡ್ಡಪ್ಪ ಅಲ್ಲಿಯವರೆಗೆ ಜಗಲಿಯಲ್ಲಿ ಕಾಯಬೇಕು. ಇನ್ಸ್‌ಪೆಕ್ಟರಿಗೂ ಇದರ ಅಂದ ತಿಳಿದಿತ್ತು. ಕಿಟಕಿಯ ಕಡೆ ನೋಡುತ್ತ, ಸದ್ದೇ ಮುಖ್ಯ ಅಲ್ಲೇನು ಎಂದು ಮೆಲ್ಲಗೆ ಕೇಳಿದರು. ಅದೇ ಕ್ಷಣಕ್ಕೆ ಪೇಟೆಯಲ್ಲಿ ಯಾವುದೋ ಮೆರವಣಿಗೆಯ ಪಟಾಕಿ ಢಂ ಎಂದಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಚಹಾ ಮುಗಿಸಿ ಎದ್ದೆ.

ಪಟಾಕಿ ಅಂಗಡಿಯವನಲ್ಲಿ ಒಂದೂ ಗರ್ನಾಲು ಉಳಿದಿರಲಿಲ್ಲ. ದೊಡ್ಡ ಸದ್ದಿನದ್ದೆಲ್ಲ ಪಕ್ಷದವರು ಎತ್ತಿಕೊಂಡು ಹೋಗಿದ್ದರು. ಹಾಗಾಗಿ ಆಳುವ ಪಕ್ಷದ ಕಚೇರಿಗೇ ಹೋದೆ. ಅಲ್ಲಿನ ಸುಬ್ಬಯ್ಯ ನನ್ನ ಶಾಲುಗಳ ಗಿರಾಕಿ. ಸುದ್ದಿ ಕೇಳಿ ನಿಜವಾಗಿಯೇ ಮರುಗಿದ, ಡಬ್ಬವನ್ನೇ ತೆರೆದು ಬೇಕಾದಷ್ಟು ತೆಗೆದುಕೊಳ್ಳಿ ಅಂದ. ಜೊತೆಗೆ ಅಜ್ಜನ ಮೇಲೆ ಹೊದಿಸಲು ಒಂದು ಶಾಲು ಕಳಿಸುತ್ತೇನೆ, ಅವರು ಕೊನೆಯವರೆಗೂ ನಮ್ಮವರಾಗಿದ್ದರು ಎಂದ. ನನ್ನ ಕೈ ಅಲ್ಲೇ ನಿಂತಿತು. ಬದುಕಿಡೀ ಬಾಯಿ ಬಿಡದವನನ್ನು ಬಾಯಿ ಮುಚ್ಚಿದ ಮೇಲೆ ಇವರು ಸೇರಿಸಿಕೊಳ್ಳುತ್ತಿದ್ದಾರಲ್ಲ ಅನ್ನಿಸಿತು. ಶಾಲು ಬೇಡ ಅಂದೆ, ಒಂದೇ ಒಂದು ಗರ್ನಾಲು ಎತ್ತಿಕೊಂಡೆ. ಸಾವಿಗೆ ಎರಡಲ್ಲವೇ ಎಂದು ಅವನು ಕೇಳಿದ. ಇನ್ನೊಂದು ಎದುರಿನವರಿಂದ ತರುತ್ತೇನೆ ಎಂದು ನಿಜ ಹೇಳಿಬಿಟ್ಟೆ.

ಎದುರಿನವರ ಕಚೇರಿ ರಸ್ತೆ ದಾಟಿದರೆ ಮಲಯಾಳಿ ವಿಜಯನ್‌ನ ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ. ನಾನು ಅಲ್ಲಿಂದ ಬರುವುದನ್ನು ಅವನು ಮೇಲಿನಿಂದಲೇ ನೋಡಿದ್ದ. “ಚೇಚಿ, ಅವರದ್ದು ಒಂದು ತಗೊಂಡಿರಲ್ಲ, ನಮ್ದು ಎರಡು ತಗೊಳ್ಳಿ. ಅವರದ್ದು ಹೇಗೂ ಪೊಟ್ಟುವುದಿಲ್ಲ,” ಅಂದ. ಸಿಡಿಯುವುದಿಲ್ಲವೆಂಬ ಇದೇ ಭವಿಷ್ಯವನ್ನು ಸುಬ್ಬಯ್ಯ ಇವರ ಗರ್ನಾಲಿನ ಬಗ್ಗೆ ಹೇಳಿ ಕಳಿಸಿದ್ದ. ಒಂದೇ ಸಾಕೆಂದು ತೆಗೆದುಕೊಂಡೆ. ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು ಹಿಡಿದು ಆಟೋದಲ್ಲಿ ಕೂತೆ. ಎರಡೂ ಒಂದೇ ಬಣ್ಣದ ಕಾಗದ, ಒಂದೇ ದಾರ. ಅದಲುಬದಲಾಗಬಾರದೆಂದು ದಾರಿಯುದ್ದಕ್ಕೂ ಕೈ ಅಲ್ಲಾಡಿಸದೆ ಕೂತಿದ್ದೇ ನಾನು ಮಾಡಿದ ದೊಡ್ಡ ರಾಜಕೀಯ.

ಅಂಗಳದಲ್ಲಿ ಜನ ದೂರ ಸರಿದು ನಿಂತರು. ದೊಡ್ಡಮ್ಮ ಬಾಗಿಲಿಗೆ ಬಂದಳು. ಎರಡು ಗರ್ನಾಲನ್ನೂ ಕಲ್ಲಿನ ಮೇಲಿಟ್ಟು ನಾನೇ ಬತ್ತಿ ಹಚ್ಚಿದೆ. ಮೊದಲನೆಯದು ಸಿಡಿಯಿತು, ಗುಡ್ಡಕ್ಕೆ ಬಡಿದು ತಿರುಗಿ ಬಂತು. ಎರಡನೆಯದು ಚುಸ್ ಎಂದು ಹೊಗೆ ಬಿಟ್ಟು ಸುಮ್ಮನಾಯಿತು. ಒಂದೇ ಸದ್ದಾದರೆ ಏನರ್ಥ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕೆಳಗಿನ ಮನೆಯ ಗಂಗಮ್ಮ, ಆ ಮನೆಯಲ್ಲಿ ಈ ವಯಸ್ಸಿನಲ್ಲಿ ಯಾರಿಗಪ್ಪಾ ಗಂಡು ಹುಟ್ಟಿತು ಎಂದು ಅನ್ನದ ಪಾತ್ರೆ ಒಲೆಯ ಮೇಲೇ ಬಿಟ್ಟು ಹೊರಗೆ ಬಂದು ನಿಂತಳಂತೆ. ನಾನು ಬೆಂಕಿಕಡ್ಡಿ ಹಿಡಿದು ಎರಡು ಹೆಜ್ಜೆ ಮುಂದಿಟ್ಟೆ. ದೊಡ್ಡಮ್ಮ ಹಿಂದಿನಿಂದ ನನ್ನ ಸೆರಗು ಹಿಡಿದೆಳೆದಳು. ಆಗ ಅದು ಸಿಡಿಯಿತು, ಮೊದಲನೆಯದಕ್ಕಿಂತ ಜೋರಾಗಿ. ದೊಡ್ಡಮ್ಮ ಅಲ್ಲೇ ಹೊಸ್ತಿಲಲ್ಲಿ ಕುಸಿದು ಕೂತು, ಬೆಳಿಗ್ಗೆಯಿಂದ ಇಟ್ಟುಕೊಂಡಿದ್ದನ್ನೆಲ್ಲ ಅತ್ತಳು. ತಡವಾಗಿ ಸಿಡಿದದ್ದು ಯಾವ ಪಕ್ಷದ್ದೆಂದು ಹಲವರು ಇವತ್ತಿಗೂ ಕೇಳುತ್ತಾರೆ. ನಾನು ಹೇಳುವುದಿಲ್ಲ. ಎರಡೂ ಕಡೆಯ ಶಾಲು ಹೊಲಿಯುವವಳಿಗೂ ಒಂದು ನೀತಿ ಸಂಹಿತೆ ಇದೆ.

ಸದ್ದು ಕೇಳಿ ಊರು ಬಂತು. ಊರಿಗಿಂತ ಮೊದಲು ಚುನಾವಣೆಯ ಫ್ಲೈಯಿಂಗ್ ಸ್ಕ್ವಾಡ್ ಬಂತು. ಗಾಳಿಬೀಡಿನ ರಸ್ತೆಯಲ್ಲಿ ತಪಾಸಣೆಗೆ ನಿಂತಿದ್ದರಂತೆ. ಅನುಮತಿಯಿಲ್ಲದ ಸಭೆ, ಪಟಾಕಿ, ಇಷ್ಟೊಂದು ಜನ ಅಂದರೆ ಬಿಡುತ್ತಾರೆಯೇ? ಕೃಷಿ ಇಲಾಖೆಯ ಒಬ್ಬಳು ಅಧಿಕಾರಿ, ಕೊಡ್ಲಿಪೇಟೆಯವಳು. ಕ್ಯಾಮರಾ ಹಿಡಿದ ಒಬ್ಬ. ರೈಫಲ್ ಹಿಡಿದ ನಡುವಯಸ್ಸಿನ ಪೇದೆ ಒಬ್ಬ. ಜೀಪು ನಿಲ್ಲುವ ಮೊದಲೇ ಕ್ಯಾಮರಾ ಓಡುತ್ತಿತ್ತು. ಇಳಿದ ಮೇಲೆ ಅವರಿಗೆ ಇದು ಎಂಥ ಸಭೆಯೆಂದು ತಿಳಿಯಿತು. ಆದರೂ ಬಂದ ಮೇಲೆ ಕೇಳಲೇಬೇಕಲ್ಲ. ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ ಕೇಳಿದಳು:

“ಬೇಜಾರ್ ಮಾಡ್ಕಬೇಡಿ ಅಕ್ಕ. ಪಟಾಕಿ ಯಾವ ಪಾರ್ಟಿದು? ಯಾರ್ ಲೆಕ್ಕಕ್ಕೆ ಬರ್ಕಳ್ಳದು?”

ಒಂದೊಂದು ಪಕ್ಷದ್ದು ಒಂದೊಂದು ಎಂದೆ. ಅವಳಿಗೆ ಅದು ಇನ್ನೂ ಕಷ್ಟವಾಯಿತು. ಇಬ್ಬರು ಅಭ್ಯರ್ಥಿಗಳು ಸೇರಿ ಒಬ್ಬ ಮತದಾರನ ಮೇಲೆ ಪ್ರಭಾವ ಬೀರಿದರೆ ಯಾವ ಕಲಮಿನಲ್ಲಿ ಬರುತ್ತದೆಂದು ಯಾವ ತರಬೇತಿಯಲ್ಲೂ ಹೇಳಿರಲಿಲ್ಲ. ಪೆನ್ನು ಹಿಡಿದುಕೊಂಡೇ ನಿಂತಳು. ಹೊಸ್ತಿಲಲ್ಲಿ ಕೂತಿದ್ದ ದೊಡ್ಡಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಕಣ್ಣೊರೆಸಿಕೊಂಡು ಹೇಳಿದಳು:

“ಅವು ಓಟ್ ಹಾಕಿ ಆಗುಟ್ಟು. ಇನ್ನ್ ಯಾರ್ ಎಂತ ಕೊಟ್ಟರೂ ಅವು ಬದಲಾಯ್ಸಿಕೆ ಇಲ್ಲೆ.”

ಅಧಿಕಾರಿ ಪೆನ್ನನ್ನು ಜೇಬಿಗೆ ಸಿಕ್ಕಿಸಿದಳು. ಚಪ್ಪಲಿ ಬಿಟ್ಟು ಒಳಗೆ ಹೋಗಿ ದೊಡ್ಡಪ್ಪನ ಕಾಲಿನ ಬಳಿ ಕೈಮುಗಿದು ಬಂದಳು. ಕ್ಯಾಮರಾದವನಿಗೆ ನಿಲ್ಲಿಸಲು ಯಾರೂ ಹೇಳಲಿಲ್ಲ, ಅವನೂ ನಿಲ್ಲಿಸಲಿಲ್ಲ. ಹಾಗಾಗಿ ಫೋಟೋ ಎಂದರೆ ಓಡಿಹೋಗುತ್ತಿದ್ದ ನಮ್ಮ ದೊಡ್ಡಪ್ಪನ ಅಂತಿಮಯಾತ್ರೆ ಇಡಿಯಾಗಿ ಸರ್ಕಾರದ ಖರ್ಚಿನಲ್ಲಿ ಚಿತ್ರೀಕರಣವಾಗಿ ಎಲ್ಲೋ ಒಂದು ಕಚೇರಿಯ ಕಪಾಟಿನಲ್ಲಿದೆ. ಹೆಣ ಎತ್ತುವಾಗ ಪೇದೆ ರೈಫಲಿನ ಬಾಯಿ ನೆಲಕ್ಕೆ ಮಾಡಿ ತಲೆ ತಗ್ಗಿಸಿ ನಿಂತ. ಆ ದಿನ ನಮ್ಮ ಗುಡ್ಡದಲ್ಲಿದ್ದ ಕೋವಿ ಅದೊಂದೇ.

ಓಟು ಮುಗಿಯಿತು, ಒಬ್ಬರು ಗೆದ್ದರು, ಕೋವಿಗಳೆಲ್ಲ ಮನೆಗೆ ಬಂದವು. ನಮ್ಮದು ಬರಲಿಲ್ಲ. ಒಪ್ಪಿಸಿದವರೇ ಬಂದು ಸಹಿ ಹಾಕಿ ಒಯ್ಯಬೇಕಂತೆ. ಸತ್ತದ್ದು ನಿಮಗೇ ಗೊತ್ತಲ್ಲ ಸಾರ್ ಅಂದೆ. “ನನಗ ಗೊತ್ತದ ರೀ. ರಿಜಿಸ್ಟರಿಗೆ ಗೊತ್ತಿಲ್ಲ,” ಅಂದರು ಇನ್ಸ್‌ಪೆಕ್ಟರು. ಕೋವಿ ದೊಡ್ಡಮ್ಮನ ಹೆಸರಿಗೆ ಆಗಬೇಕು. ಅದಕ್ಕೆ ವಂಶವೃಕ್ಷ, ಜಮ್ಮಾ ದಾಖಲೆ, ಆಮೇಲೆ ಆ ವಿನಾಯಿತಿಯ ಸರ್ಟಿಫಿಕೇಟ್. ವಿನಾಯಿತಿಯ ಕೆಲಸ ಇನ್ನೂ ನಡೆಯುತ್ತಿದೆ. ಫೈಲು ಎಲ್ಲಿದೆಯೆಂದು ಕೇಳಿದರೆ ಚಲನೆಯಲ್ಲಿದೆ ಎನ್ನುತ್ತಾರೆ. ಕೋವಿ ಮಾತ್ರ ಚಲಿಸಿಲ್ಲ.

ದೊಡ್ಡಮ್ಮನಿಗೆ ಒಂದೇ ಚಿಂತೆ. ಮಡಿಕೇರಿಯ ಮಂಜಿನಲ್ಲಿ ಎಣ್ಣೆ ಕಾಣದ ನಳಿಗೆ ಉಳಿಯುತ್ತದೆಯೇ? ಒಂದು ದಿನ ಅವಳೇ ಸ್ಟೇಷನ್ನಿಗೆ ಹೋಗಿ, ಕೊಡುವುದು ಬೇಡ, ನೋಡಿಕೊಂಡು ಹೋಗುತ್ತೇನೆ ಎಂದಳು. ಇನ್ಸ್‌ಪೆಕ್ಟರು, ಕೊಡಲು ನಿಯಮವಿಲ್ಲ, ಎಣ್ಣೆ ಹಚ್ಚಬಾರದೆಂದೂ ನಿಯಮವಿಲ್ಲ ಎಂದು ಕೋವಿ ಹೊರಗೆ ತರಿಸಿದರಂತೆ. ಈಗ ತಿಂಗಳಿಗೊಮ್ಮೆ ಪೆನ್ಶನ್ನಿಗೆ ಪೇಟೆಗೆ ಹೋದಾಗ ಅವಳು ತಪ್ಪದೆ ಅಲ್ಲಿಗೆ ಹೋಗುತ್ತಾಳೆ. ವರಾಂಡದಲ್ಲಿ ಅವಳಿಗೊಂದು ಕುರ್ಚಿ ಹಾಕುತ್ತಾರೆ. ಸಣ್ಣ ಸೀಸೆ, ಹಳೆಯ ಪಂಚೆಯ ಚೂರು ತೆಗೆದು, ದೊಡ್ಡಪ್ಪ ಮಾಡುತ್ತಿದ್ದ ಹಾಗೆಯೇ ಬುಡದಿಂದ ತುದಿಯವರೆಗೆ ಒರೆಸಿ, ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, ಎಣ್ಣೆ ಹಚ್ಚಿ ವಾಪಸ್ ಕೊಟ್ಟು ಬಸ್ಸು ಹತ್ತುತ್ತಾಳೆ. ಹೋದ ತಿಂಗಳು ಅವಳು ಸೀಸೆಯ ಮುಚ್ಚಳ ಹಾಕುವಷ್ಟರಲ್ಲಿ ಸ್ಟೇಷನ್ನಿನ ಪೇದೆಯೊಬ್ಬ ಆಚೀಚೆ ನೋಡಿಕೊಂಡು ಬಂದನಂತೆ. ತನ್ನ ರೈಫಲನ್ನು ಅವಳ ಮಡಿಲಿನ ಮೇಲಿಟ್ಟು, ಅಮ್ಮ, ಇದಕ್ಕೂ ಒಂದು ಚೂರು ಎಣ್ಣೆ ಅಂದನಂತೆ.